ಮಳೆ ಲೆಕ್ಕದ ಪ್ರೋಗ್ರಾಂ: ಬಟನ್ ತಾನಾಗಿ ಓಡುತ್ತದೆ, ವಿಂಡೋ ಹ್ಯಾಂಗ್ ಆಗುತ್ತದೆ, ಎಕ್ಸ್‌ಇ ಮಾಡಿದರೆ ದಾಖಲೆ ಉಳಿಯುವುದಿಲ್ಲ

ಕೊಡಗಿನ ನಾಪೋಕ್ಲು ಕಡೆಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತಾತನ ಕಾಲದಿಂದ ಮಳೆ ಪುಸ್ತಕ ಇದೆ. ತೋಟದ ರೇನ್ ಗೇಜ್ ನೋಡಿ ದಿನಾ ಬೆಳಿಗ್ಗೆ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆಯುತ್ತಾರೆ. ಈಗ ಅಪ್ಪ ಬರೆಯುತ್ತಿದ್ದಾರೆ. ಹಳೆಯ ಪುಸ್ತಕದ ಹಾಳೆಗಳು ಮುಟ್ಟಿದರೆ ಹರಿಯುತ್ತವೆ. ಅದಕ್ಕೇ 40 ವರ್ಷದ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಮುಂದೆ ಅಪ್ಪನೇ ದಿನಾ ತುಂಬಿಸಬಹುದಾದ ಒಂದು ಸಣ್ಣ ಪ್ರೋಗ್ರಾಂ ಮಾಡಲು ಹೊರಟಿದ್ದೇನೆ. ವೆಬ್‌ಸೈಟ್ ಮಾಡು ಅಂತ ಗೆಳೆಯರು ಹೇಳಿದರು, ಆದರೆ ಜೂನ್‌ನಿಂದ ಆಗಸ್ಟ್ ತನಕ ನಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ಯಾವಾಗ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ, ಮಳೆ ಬರೆಯಬೇಕಾದದ್ದೂ ಅದೇ ಸಮಯದಲ್ಲಿ. ಹಾಗಾಗಿ ಲ್ಯಾಪ್‌ಟಾಪ್‌ನಲ್ಲೇ ಓಡುವ ಪ್ರೋಗ್ರಾಂ ಬೇಕು.

ಪೈಥಾನ್ ಭಾಷೆ, ವಿಂಡೋ ಮತ್ತು ಬಟನ್ ಮಾಡಲು ಅದರ ಟಿಕಿಂಟರ್, ದಾಖಲೆ ಇಡಲು ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸಿದ್ದೇನೆ. ವಿಂಡೋಸ್ 10, ಹಳೆಯ ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್. ತೊಂದರೆ ಇಷ್ಟು. ಪ್ರೋಗ್ರಾಂ ತೆರೆದ ಕೂಡಲೇ ಒಂದು ಖಾಲಿ ದಾಖಲೆ ಸೇರಿಬಿಡುತ್ತದೆ, ಆಮೇಲೆ 'ಸೇರಿಸು' ಬಟನ್ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ತಿಂಗಳಿಗೊಂದರಂತೆ 12 ಬಟನ್ ಇಟ್ಟಿದ್ದೇನೆ, ಯಾವುದನ್ನು ಒತ್ತಿದರೂ ಡಿಸೆಂಬರ್ ತೆರೆಯುತ್ತದೆ. ಅಕ್ಕ ಎಕ್ಸೆಲ್‌ನಲ್ಲಿ ಟೈಪ್ ಮಾಡಿಕೊಟ್ಟ ಹಳೆಯ ಲೆಕ್ಕವನ್ನು ಸಿಎಸ್‌ವಿ ಫೈಲ್‌ನಿಂದ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿ) ಒಳಗೆ ತಂದರೆ ವಿಂಡೋ ಬೆಳ್ಳಗಾಗಿ 'ನಾಟ್ ರೆಸ್ಪಾಂಡಿಂಗ್' ಅಂತ ನಿಂತುಬಿಡುತ್ತದೆ. ಕೋಡ್, ಸ್ಕ್ರೀನ್‌ಶಾಟ್ ಎರಡನ್ನೂ ಜೊತೆಗೆ ಹಾಕಿದ್ದೇನೆ. ಯಾವುದರಿಂದ ಶುರು ಮಾಡಲಿ?

ಕುಶಾಲನಗರದಿಂದ

ಬಟನ್‌ನಿಂದ ಶುರು ಮಾಡಿ, ಅದು ಸುಲಭ. ನೀವು ಹಾಕಿರುವ ಕೋಡ್‌ನಲ್ಲಿ ಬಟನ್‌ನ ಕಮಾಂಡ್ ಜಾಗದಲ್ಲಿ ಸೇರಿಸು() ಅಂತ ಇದೆ. ಆ ಬ್ರಾಕೆಟ್ ತೆಗೆದು ಬರೀ ಸೇರಿಸು ಅಂತ ಬಿಡಿ. ಬ್ರಾಕೆಟ್ ಇದ್ದರೆ ಪೈಥಾನ್ ಆ ಸಾಲಿಗೆ ಬಂದಾಗಲೇ ಫಂಕ್ಷನ್ (ಸೇರಿಸುವ ಕೆಲಸದ ಕೋಡ್ ತುಂಡು) ಓಡಿಸುತ್ತದೆ, ವಿಂಡೋ ಇನ್ನೂ ಪರದೆಗೆ ಬಂದೇ ಇರುವುದಿಲ್ಲ. ಆಗ ಎಂಟ್ರಿ ಬಾಕ್ಸ್‌ಗಳು ಖಾಲಿ, ಅದಕ್ಕೇ ಖಾಲಿ ದಾಖಲೆ. ಫಂಕ್ಷನ್ ಓಡಿ ಮುಗಿದು ಏನನ್ನೂ ವಾಪಸ್ ಕೊಡುವುದಿಲ್ಲ, ಹಾಗಾಗಿ ಬಟನ್‌ಗೆ ಕೊನೆಗೆ ಸಿಗುವುದೂ ಏನೂ ಇಲ್ಲ. ಒತ್ತಿದರೆ ಏನು ಮಾಡಬೇಕು ಅಂತ ಅದಕ್ಕೆ ಗೊತ್ತೇ ಇಲ್ಲ.

ಡಿಸೆಂಬರ್ ಕಥೆಯೂ ಇದರ ಪಕ್ಕದ್ದೇ. ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಕೋಡ್) ಒಳಗೆ ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಸಣ್ಣ ಫಂಕ್ಷನ್, ಬರೆದಿದ್ದೀರಿ. ಲ್ಯಾಂಬ್ಡಾ ಒಳಗಿರುವ 'ತಿಂಗಳು' ಅನ್ನುವ ಹೆಸರಿನ ಬೆಲೆಯನ್ನು ಪೈಥಾನ್ ಹುಡುಕುವುದು ಬಟನ್ ಒತ್ತಿದಾಗ, ಬಟನ್ ಮಾಡುವಾಗ ಅಲ್ಲ. ನೀವು ಒತ್ತುವ ಹೊತ್ತಿಗೆ ಲೂಪ್ ಮುಗಿದು ಅದರಲ್ಲಿ 12 ಉಳಿದಿರುತ್ತದೆ. 'ಲ್ಯಾಂಬ್ಡಾ ತಿಂಗಳು=ತಿಂಗಳು: ತೋರಿಸು(ತಿಂಗಳು)' ಅಂತ ಬರೆದರೆ ಪ್ರತಿ ಬಟನ್‌ಗೂ ಆಗಿನ ಬೆಲೆ ಅಂಟಿಕೊಳ್ಳುತ್ತದೆ. ಅಂದ ಹಾಗೆ ಫಂಕ್ಷನ್‌ಗಳಿಗೆ ಕನ್ನಡದ ಹೆಸರಿಟ್ಟಿದ್ದು ನೋಡಿ ಖುಷಿಯಾಯಿತು, ಪೈಥಾನ್ 3ರಲ್ಲಿ ಅದು ಆರಾಮಾಗಿ ನಡೆಯುತ್ತದೆ.

ಇನ್ನು ಹ್ಯಾಂಗ್ ಆಗುವುದು. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ವಿಂಡೋ ಇರುವ ಯಾವ ಪ್ರೋಗ್ರಾಂ ಬರೆದರೂ ಇದು ಮತ್ತೆ ಮತ್ತೆ ಎದುರಾಗುತ್ತದೆ. ಕಡೆಯ ಸಾಲಿನಲ್ಲಿ ಮೇನ್‌ಲೂಪ್ ಅಂತ ಬರೆಯುತ್ತೀರಲ್ವಾ, ಪ್ರೋಗ್ರಾಂನ ಜೀವ ಇರುವುದು ಅಲ್ಲಿ. ಮೌಸ್ ಒತ್ತಿದ್ದು, ಕೀ ಒತ್ತಿದ್ದು, ವಿಂಡೋವನ್ನು ಮತ್ತೆ ಬಿಡಿಸಬೇಕಾದದ್ದು, ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ, ಮೇನ್‌ಲೂಪ್ ಒಂದೊಂದನ್ನೇ ತೆಗೆದು ನೋಡುತ್ತದೆ. ಕಾಫಿ ಕೊಯ್ಲಿನಲ್ಲಿ ಸಂಜೆ ತೂಕ ಹಾಕುವಾಗ ಲೆಕ್ಕ ಬರೆಯುವ ರೈಟರು ಒಬ್ಬರೇ ಇರುತ್ತಾರೆ, ಒಬ್ಬರ ಚೀಲದ ಜೊತೆ ಅವರೂ ಗೋಡೌನ್‌ಗೆ ಹೋಗಿಬಿಟ್ಟರೆ ಉಳಿದವರೆಲ್ಲ ಚೀಲ ಹಿಡಿದು ನಿಂತಿರಬೇಕು. ನಿಮ್ಮ ಸಿಎಸ್‌ವಿ ಫಂಕ್ಷನ್ ಮುಗಿಯುವ ತನಕ ಮೇನ್‌ಲೂಪ್‌ಗೆ ವಾಪಸ್ ಬರಲು ಆಗುವುದಿಲ್ಲ. ವಿಂಡೋ ಉತ್ತರ ಕೊಡದೇ ಇದ್ದಾಗ ವಿಂಡೋಸ್ 'ನಾಟ್ ರೆಸ್ಪಾಂಡಿಂಗ್' ಅಂತ ಹಾಕುತ್ತದೆ. ಪ್ರೋಗ್ರಾಂ ಸತ್ತಿಲ್ಲ, ಕೆಲಸ ಮಾಡುತ್ತಲೇ ಇದೆ. ಆ ಕೆಲಸವನ್ನು ಬೇರೆ ಥ್ರೆಡ್‌ಗೆ, ಅಂದರೆ ಮೇನ್‌ಲೂಪ್ ಜೊತೆಜೊತೆಗೇ ಓಡುವ ಇನ್ನೊಂದು ಹಾದಿಗೆ, ಹಾಕಿ ನೋಡಿ.

ನಾಪೋಕ್ಲು ಕಡೆಯಿಂದ

ಅಣ್ಣ, ಬಟನ್ ಎರಡೂ ಸರಿಯಾದವು, ತುಂಬಾ ಥ್ಯಾಂಕ್ಸ್. ಥ್ರೆಡ್‌ಗೆ ಹಾಕಿದರೆ ಬೇರೆ ಎರರ್ ಬರುತ್ತಿದೆ. ಒಂದು ಥ್ರೆಡ್‌ನಲ್ಲಿ ಮಾಡಿದ ಎಸ್‌ಕ್ಯೂಲೈಟ್ ಆಬ್ಜೆಕ್ಟ್ ಅನ್ನು ಅದೇ ಥ್ರೆಡ್‌ನಲ್ಲಿ ಮಾತ್ರ ಬಳಸಬಹುದು ಅನ್ನುತ್ತದೆ.

ಮಡಿಕೇರಿಯಿಂದ

ಥ್ರೆಡ್ ಸದ್ಯಕ್ಕೆ ತೆಗೆದುಬಿಡಿ. ಹೊಸದಾಗಿ ಕಲಿಯುವವರಿಗೆ ಥ್ರೆಡ್ ಕೊಟ್ಟರೆ ಒಂದು ತೊಂದರೆ ಹೋಗಿ ನಾಲ್ಕು ಬರುತ್ತವೆ. ಡೇಟಾಬೇಸ್ ಕನೆಕ್ಷನ್ ಅನ್ನು ಆ ಥ್ರೆಡ್ ಒಳಗೇ ತೆರೆಯಬೇಕು, ಟಿಕಿಂಟರ್‌ನ ಲೇಬಲ್, ಲಿಸ್ಟ್ ಯಾವುದನ್ನೂ ಅಲ್ಲಿಂದ ಮುಟ್ಟಬಾರದು, ಸುದ್ದಿಯನ್ನು ಕ್ಯೂ (ಸಂದೇಶಗಳ ಸಾಲು) ಮೂಲಕ ಕಳಿಸಬೇಕು, ಮೇನ್‌ಲೂಪ್ ಕಡೆಯಿಂದ 'ಆಫ್ಟರ್' (ಸ್ವಲ್ಪ ಹೊತ್ತು ಬಿಟ್ಟು ಓಡಿಸು ಅನ್ನುವ ಆಜ್ಞೆ) ಬಳಸಿ ಆಗಾಗ ಕ್ಯೂ ನೋಡುತ್ತಿರಬೇಕು. ಮುಂದೆ ಬೇಕಾದಾಗ ಕಲಿಯಿರಿ. ಈಗ ಕೇಳಬೇಕಾದದ್ದು ಬೇರೆ: 40 ವರ್ಷ ಅಂದರೆ ಸುಮಾರು 14,600 ಸಾಲು, ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಹೊತ್ತು ಯಾಕೆ?

ನಿಮ್ಮ ಲೂಪ್ ಒಳಗೆ ನೋಡಿ. ಪ್ರತಿ ಸಾಲಿಗೂ ಕಮಿಟ್ ಇದೆ. ಕಮಿಟ್ ಅಂದರೆ ಬರೆದದ್ದು ಡಿಸ್ಕ್‌ಗೆ ನಿಜವಾಗಿ ಸೇರಿತು ಅಂತ ಗೊತ್ತಾಗುವ ತನಕ ಎಸ್‌ಕ್ಯೂಲೈಟ್ ಕಾಯುತ್ತದೆ. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಸೆಕೆಂಡಿಗೆ ಕೆಲವು ಡಜನ್ ಕಮಿಟ್ ಆದರೆ ಹೆಚ್ಚು. ಸೆಕೆಂಡಿಗೆ 30 ಅಂತ ಇಟ್ಟುಕೊಂಡರೂ 14,600 ಸಾಲಿಗೆ 8 ನಿಮಿಷ ಬೇಕು. ಕಮಿಟ್ ಅನ್ನು ಲೂಪ್‌ನಿಂದ ಹೊರಗೆ ತೆಗೆದು ಎಲ್ಲ ಸಾಲು ಮುಗಿದ ಮೇಲೆ ಒಂದೇ ಸಲ ಹಾಕಿ. ಜೊತೆಗೆ ಪ್ರತಿ ಸಾಲಿಗೂ ಇಡೀ ಪಟ್ಟಿಯನ್ನು ಅಳಿಸಿ ಮತ್ತೆ ತುಂಬಿಸುತ್ತಿದ್ದೀರಿ, ಅದನ್ನೂ ಕೊನೆಗೆ ಒಂದೇ ಸಲ ಮಾಡಿ. ಇಷ್ಟಾದರೆ ಥ್ರೆಡ್‌ನ ಮಾತೇ ಬರುವುದಿಲ್ಲ.

ಆದರೆ ಅಪ್ಪ ದಿನಾ ಒಂದೊಂದು ದಾಖಲೆ ಸೇರಿಸುತ್ತಾರಲ್ಲ, ಅಲ್ಲಿ ಮಾತ್ರ ಒತ್ತಿದ ಕೂಡಲೇ ಕಮಿಟ್ ಇರಲೇಬೇಕು. 'ಪ್ರೋಗ್ರಾಂ ಮುಚ್ಚುವಾಗ ಸೇವ್ ಮಾಡೋಣ' ಅಂತ ಬಿಡಬೇಡಿ. ಆಷಾಢದ ಗಾಳಿಗೆ ಮರ ಬಿದ್ದು ಲೈನ್ ಹೋಗುವುದು ನಮಗೆ ಹೊಸದೇನಲ್ಲ, ಹಳೆಯ ಲ್ಯಾಪ್‌ಟಾಪ್‌ನ ಬ್ಯಾಟರಿಯನ್ನು ನಂಬುವಂತಿಲ್ಲ. ಕಮಿಟ್ ಮುಗಿದಿದ್ದರೆ ದಾಖಲೆ ಉಳಿಯುತ್ತದೆ. ಕಮಿಟ್‌ನ ನಡುವೆಯೇ ಕರೆಂಟ್ ಹೋದರೂ ಮುಂದಿನ ಸಲ ತೆರೆದಾಗ ಎಸ್‌ಕ್ಯೂಲೈಟ್ ಬದಲಿಸುವ ಮೊದಲು ತಾನೇ ಬರೆದಿಟ್ಟ ಜರ್ನಲ್ ಫೈಲ್ ನೋಡಿ ಡೇಟಾಬೇಸನ್ನು ಹಿಂದಿನ ಸರಿ ಸ್ಥಿತಿಗೆ ತರುತ್ತದೆ. ಎಕ್ಸೆಲ್ ಬಿಟ್ಟು ಇದನ್ನು ಆರಿಸಿಕೊಂಡದ್ದು ಒಳ್ಳೆಯದೇ ಆಯಿತು.

ಸಿದ್ದಾಪುರದಿಂದ

ನಾನು ಪ್ರೋಗ್ರಾಂ ಬರೆಯುವವನಲ್ಲ, ತೋಟದವನು. ನಿಮ್ಮ ಸ್ಕ್ರೀನ್‌ಶಾಟ್ ನೋಡಿ ಒಂದು ಮಾತು ಹೇಳಲೇಬೇಕು ಅನ್ನಿಸಿತು. ಮಳೆಗೆ ಒಂದೇ ಬಾಕ್ಸ್ ಇಟ್ಟಿದ್ದೀರಿ. 1 ಇಂಚು 5 ಸೆಂಟ್ ಅನ್ನು ನಮ್ಮಲ್ಲಿ ಎಷ್ಟೋ ಜನ 1.5 ಅಂತಲೇ ಬರೆಯುತ್ತಾರೆ. ಕಂಪ್ಯೂಟರ್ ಅದನ್ನು ಒಂದೂವರೆ ಇಂಚು ಅಂತ ತಿಳಿದುಕೊಳ್ಳುತ್ತದೆ. 100 ಸೆಂಟ್‌ಗೆ 1 ಇಂಚು, ಅಂದರೆ 5 ಸೆಂಟ್ 50 ಸೆಂಟ್ ಆಗಿಬಿಟ್ಟಿತು. ಒಂದು ದಿನಕ್ಕೆ 45 ಸೆಂಟ್ ವ್ಯತ್ಯಾಸ, 11 ಮಿಲಿಮೀಟರ್‌ಗಿಂತ ಜಾಸ್ತಿ. ವರ್ಷದ ಕೊನೆಗೆ ಎಲ್ಲಿ ತಪ್ಪಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇಂಚಿಗೊಂದು, ಸೆಂಟ್‌ಗೊಂದು, ಎರಡು ಬಾಕ್ಸ್ ಇಡಿ.

ಇನ್ನೊಂದು. ಮಳೆ ಬಾರದ ದಿನ ಬೇರೆ, ಅಳೆಯದ ದಿನ ಬೇರೆ. ಮದುವೆಗೆ ಹೋಗಿ ಎರಡು ದಿನ ಅಳೆಯಲಿಲ್ಲ ಅಂದರೆ ಅದು ಸೊನ್ನೆ ಅಲ್ಲ. ಮಾರ್ಚ್‌ನಲ್ಲಿ ಹೂ ಮಳೆ (ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ) ಬಿತ್ತೋ ಇಲ್ಲವೋ ಅಂತ ಹಿಂದಿನ ವರ್ಷಗಳ ಪುಸ್ತಕ ತೆಗೆದು ನೋಡುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ.

ಮಡಿಕೇರಿಯಿಂದ

ಇದು ಚಿನ್ನದಂಥ ಮಾತು, ಇದನ್ನು ಬಿಡಬೇಡಿ. ಕೋಡ್‌ನಲ್ಲಿ ಹೀಗೆ ಮಾಡಿ: ಇಂಚನ್ನು 100ರಿಂದ ಗುಣಿಸಿ ಸೆಂಟ್ ಕೂಡಿಸಿ, ಒಟ್ಟು ಸೆಂಟ್ ಅನ್ನು ಪೂರ್ಣಾಂಕವಾಗಿ ಇಡಿ. 1 ಇಂಚು 5 ಸೆಂಟ್ ಅಂದರೆ 105. ದಶಾಂಶ ಇಟ್ಟರೆ ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿದಾಗ 0.30000000000000004 ಬರುವ ತಲೆನೋವು ಇದೆ. ಮಿಲಿಮೀಟರ್ ಬೇಕಾದರೆ ತೋರಿಸುವಾಗ ಮಾತ್ರ 0.254ರಿಂದ ಗುಣಿಸಿ, 105 ಸೆಂಟ್‌ಗೆ 26.67 ಬರುತ್ತದೆ. ಎಂಟ್ರಿ ಬಾಕ್ಸ್‌ನಿಂದ ಬರುವುದು ಯಾವಾಗಲೂ ಅಕ್ಷರ, ಸಂಖ್ಯೆ ಅಲ್ಲ. ಇಂಟ್ ಹಾಕಿ ಸಂಖ್ಯೆ ಮಾಡದೆ ಕೂಡಿಸಿದರೆ 2 ಮತ್ತು 3 ಸೇರಿ 23 ಆಗುತ್ತದೆ. ಸೆಂಟ್ ಬಾಕ್ಸ್‌ನಲ್ಲಿ 99ಕ್ಕಿಂತ ಹೆಚ್ಚು ಬಂದರೆ ಸೇರಿಸಬೇಡಿ, ಕೆಂಪು ಅಕ್ಷರದಲ್ಲಿ ಹೇಳಿ. ಅಳೆಯದ ದಿನಕ್ಕೆ ಒಂದು ಚೆಕ್‌ಬಾಕ್ಸ್ ಇಟ್ಟು ಡೇಟಾಬೇಸ್‌ನಲ್ಲಿ ನಲ್ (ಬೆಲೆ ಇಲ್ಲ ಅನ್ನುವ ಗುರುತು) ಹಾಕಿ, ಸೊನ್ನೆ ಹಾಕಬೇಡಿ.

ತಾರೀಖಿನ ವಿಷಯವನ್ನೂ ಅಪ್ಪನ ಹತ್ತಿರ ಕೇಳಿಕೊಳ್ಳಿ. ಹವಾಮಾನ ಇಲಾಖೆಯವರು ಬೆಳಿಗ್ಗೆ 8:30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ತಾರೀಖಿಗೇ ಬರೆಯುತ್ತಾರೆ. ಕೆಲವು ಮನೆಗಳಲ್ಲಿ ಅದನ್ನು ಹಿಂದಿನ ದಿನಕ್ಕೆ ಬರೆಯುವ ರೂಢಿ ಇದೆ. ನಿಮ್ಮ ಪುಸ್ತಕದಲ್ಲಿ ಯಾವುದಿದೆಯೋ ಅದನ್ನೇ ಇಡಿ, ಆದರೆ ವಿಂಡೋದ ಮೇಲೆ ಸ್ಪಷ್ಟವಾಗಿ ಬರೆದಿಡಿ. ಭಾರಿ ಮಳೆಗೆ ಕೊಡಗಿನಲ್ಲಿ ಗುಡ್ಡ ಕುಸಿದ 2018ರ ಆಗಸ್ಟ್ ಮಧ್ಯದ ಆ ದಿನಗಳ ಲೆಕ್ಕವನ್ನು ನಾಳೆ ಯಾರಾದರೂ ಬೇರೆ ತೋಟದ ಲೆಕ್ಕದ ಜೊತೆ ಹೋಲಿಸಿದರೆ ಒಂದು ದಿನ ಆಚೀಚೆ ಆದರೂ ಕಷ್ಟ.

ನಾಪೋಕ್ಲು ಕಡೆಯಿಂದ

ಮಡಿಕೇರಿ ಅಕ್ಕ, ಕಮಿಟ್ ಹೊರಗೆ ತೆಗೆದೆ. ಒತ್ತಿ ಕೈ ತೆಗೆಯುವಷ್ಟರಲ್ಲಿ ಎಲ್ಲ ಸಾಲೂ ಒಳಗೆ ಬಂದವು! ಸಿದ್ದಾಪುರದ ಅಣ್ಣ ಹೇಳಿದ ಹಾಗೆ ಎರಡು ಬಾಕ್ಸ್ ಮಾಡಿದೆ. ಪುಸ್ತಕದಲ್ಲಿ ಅನುಮಾನ ಇರುವ ದಿನಗಳನ್ನು ಅಪ್ಪನ ಜೊತೆ ಕೂತು ನೋಡುತ್ತಿದ್ದೇವೆ.

ಈಗ ಉಳಿದದ್ದು ಎರಡು. ಪೈಇನ್‌ಸ್ಟಾಲರ್‌ನಿಂದ (ಪೈಥಾನ್ ಕೋಡನ್ನು ಪೈಥಾನ್ ಇಲ್ಲದ ಕಂಪ್ಯೂಟರಿನಲ್ಲೂ ಓಡುವ ಎಕ್ಸ್‌ಇ ಫೈಲ್ ಮಾಡಿಕೊಡುವ ಸಾಧನ) ಒಂದೇ ಫೈಲ್‌ನ ಎಕ್ಸ್‌ಇ ಮಾಡಿ ಚಿಕ್ಕಪ್ಪನಿಗೂ ಕೊಟ್ಟೆ. ಸೇರಿಸುವಾಗ ಪಟ್ಟಿಯಲ್ಲಿ ಕಾಣಿಸುತ್ತದೆ, ಮುಚ್ಚಿ ತೆರೆದರೆ ಏನೂ ಇಲ್ಲ. ಕೋಡ್ ಆಗಿ ಓಡಿಸಿದರೆ ಎಲ್ಲ ಇರುತ್ತದೆ. ಇನ್ನೊಂದು, ಗೆಳೆಯನ ಉಬುಂಟು ಲಿನಕ್ಸ್‌ನಲ್ಲಿ ಓಡಿಸಿದರೆ 'ಅಕ್ಟೋಬರ್', 'ಒಟ್ಟು' ಇವುಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಾಣಿಸುತ್ತದೆ. ಫಾಂಟ್ ಬದಲಿಸಿದರೂ ಅಷ್ಟೇ.

ಕುಶಾಲನಗರದಿಂದ

ಎಕ್ಸ್‌ಇ ವಿಷಯ ನಾನು ಹೇಳುತ್ತೇನೆ. ಒಂದೇ ಫೈಲ್ ಅಂತ ಮಾಡಿದಾಗ ಆ ಎಕ್ಸ್‌ಇ ಪ್ರತಿ ಸಲ ತೆರೆದಾಗಲೂ ಒಂದು ಟೆಂಪ್ ಫೋಲ್ಡರ್ ಮಾಡಿ, ಒಳಗಿರುವುದನ್ನೆಲ್ಲ ಅಲ್ಲಿ ಬಿಚ್ಚಿ, ಅಲ್ಲಿಂದ ಓಡುತ್ತದೆ. ಮುಚ್ಚಿದಾಗ ಆ ಫೋಲ್ಡರ್ ಅಳಿಸಿ ಹೋಗುತ್ತದೆ. ನೀವು ಡೇಟಾಬೇಸ್ ಅನ್ನು 'ಪ್ರೋಗ್ರಾಂ ಫೈಲ್ ಎಲ್ಲಿದೆಯೋ ಅಲ್ಲಿ' ಇಡು ಅಂತ ಬರೆದಿದ್ದೀರಿ. ಎಕ್ಸ್‌ಇಗೆ ಆ ಜಾಗ ಅಂದರೆ ಟೆಂಪ್ ಫೋಲ್ಡರೇ. ಚಿಕ್ಕಪ್ಪ ಬರೆದದ್ದೆಲ್ಲ ಅದರ ಜೊತೆಗೇ ಹೋಯಿತು. ಬಳಕೆದಾರರ ಹೋಮ್ ಫೋಲ್ಡರ್ ಒಳಗೆ 'ಮಳೆಲೆಕ್ಕ' ಅಂತ ಒಂದು ಫೋಲ್ಡರ್ ಮಾಡಿ, ಡೇಟಾಬೇಸ್ ಅಲ್ಲಿಡಿ. ಪೈಥಾನ್ ಜೊತೆಗೇ ಬರುವ ಪಾತ್‌ಲಿಬ್‌ನಲ್ಲಿ ಪಾತ್ ಡಾಟ್ ಹೋಮ್ ಅಂತ ಕೇಳಿದರೆ ಆ ಜಾಗ ಸಿಗುತ್ತದೆ, ವಿಂಡೋಸ್ ಆದರೂ ಲಿನಕ್ಸ್ ಆದರೂ. ಬದಲಾಗದ ಐಕಾನ್, ಚಿತ್ರ ಇವು ಮಾತ್ರ ಎಕ್ಸ್‌ಇ ಒಳಗೆ ಇರಲಿ. ಚಿಕ್ಕಪ್ಪನಿಗೆ ಇವತ್ತೇ ಫೋನ್ ಮಾಡಿ, ಹೊಸದು ಬರುವ ತನಕ ಪುಸ್ತಕದಲ್ಲೇ ಬರೆಯಲು ಹೇಳಿ.

ಉಬುಂಟುವಿಗೆ ಬೇಕಾದದ್ದನ್ನು ಉಬುಂಟುವಿನಲ್ಲೇ ಮಾಡಬೇಕು, ಪೈಇನ್‌ಸ್ಟಾಲರ್ ಒಂದರಲ್ಲಿ ಕೂತು ಇನ್ನೊಂದಕ್ಕೆ ಮಾಡಿಕೊಡುವುದಿಲ್ಲ.

ಮಡಿಕೇರಿಯಿಂದ

ಒತ್ತಕ್ಷರದ ತೊಂದರೆ ಫಾಂಟ್‌ನದ್ದಲ್ಲ. ಕನ್ನಡದಲ್ಲಿ ಕ, ಹಲಂತ, ಟ ಅಂತ ಬೇರೆ ಬೇರೆ ಕೋಡ್‌ಗಳು ಬರುತ್ತವೆ, ಅವನ್ನು ಸೇರಿಸಿ 'ಕ್ಟ' ಅಂತ ಬಿಡಿಸಲು ಇನ್ನೊಬ್ಬರು ಬೇಕು. ವಿಂಡೋಸ್‌ನಲ್ಲಿ ಟಿಕಿಂಟರ್ ಆ ಕೆಲಸವನ್ನು ವಿಂಡೋಸ್‌ಗೇ ಬಿಡುತ್ತದೆ, ಅದಕ್ಕೇ ಸರಿ ಬರುತ್ತದೆ. ಲಿನಕ್ಸ್‌ನಲ್ಲಿ ಟಿಕೆ 8.6ಕ್ಕೆ (ಟಿಕಿಂಟರ್ ಒಳಗೆ ಕೆಲಸ ಮಾಡುವುದು ಇದೇ) ಈ ಜೋಡಣೆ ಬರುವುದಿಲ್ಲ. ಎಷ್ಟು ಫಾಂಟ್ ಬದಲಿಸಿದರೂ ಪ್ರಯೋಜನ ಇಲ್ಲ.

ಮನೆಯವರೆಲ್ಲ ವಿಂಡೋಸ್ ಬಳಸುವುದಾದರೆ ಟಿಕಿಂಟರ್‌ನಲ್ಲೇ ಇರಿ, ನಿರ್ಮಲಾ ಯುಐ ಫಾಂಟ್ ಹಾಕಿ, ಅಪ್ಪನ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಇಡಿ. ಉಬುಂಟುವಿನಲ್ಲೂ ಬೇಕೇ ಬೇಕು ಅಂದರೆ ಪೈಸೈಡ್ 6ಕ್ಕೆ ಹೋಗಿ. ಅದು ಕ್ಯೂಟಿ ಅನ್ನುವ ವಿಂಡೋ ಮಾಡುವ ಸಾಮಗ್ರಿಯ ಮೇಲೆ ನಿಂತದ್ದು, ಕ್ಯೂಟಿ ಅಕ್ಷರ ಜೋಡಿಸಲು ಹಾರ್ಫ್‌ಬಜ್ ಬಳಸುತ್ತದೆ, ಒತ್ತಕ್ಷರ ಎಲ್ಲ ಕಡೆ ಸರಿ ಬರುತ್ತದೆ. ಬಟನ್ ಬರೆಯುವ ರೀತಿ ಬದಲಾಗುತ್ತದೆ, ಆದರೆ ಬ್ರಾಕೆಟ್ ಹಾಕಬಾರದು ಅನ್ನುವುದು, ಉದ್ದದ ಕೆಲಸ ಮಾಡಿದರೆ ವಿಂಡೋ ನಿಲ್ಲುತ್ತದೆ ಅನ್ನುವುದು ಅಲ್ಲಿಯೂ ಹಾಗೇ. ಹೋಗುವ ಮೊದಲು ಒಂದು ಕೆಲಸ ಮಾಡಿ. ಸೆಂಟ್ ಲೆಕ್ಕ, ತಿಂಗಳ ಮೊತ್ತ, ಡೇಟಾಬೇಸ್‌ಗೆ ಬರೆಯುವುದು, ಇವನ್ನೆಲ್ಲ ಬೇರೆ ಫೈಲ್‌ಗೆ ಹಾಕಿ, ಅದರಲ್ಲಿ ಟಿಕಿಂಟರ್ ಹೆಸರೇ ಇರಬಾರದು. ಆಗ ವಿಂಡೋ ಮಾತ್ರ ಹೊಸದಾಗಿ ಬರೆದರೆ ಸಾಕು.

ನಾಪೋಕ್ಲು ಕಡೆಯಿಂದ

ಡೇಟಾಬೇಸ್ ಜಾಗ ಬದಲಿಸಿದ ಮೇಲೆ ಎಕ್ಸ್‌ಇ ಸರಿಯಾಯಿತು. ಸದ್ಯಕ್ಕೆ ವಿಂಡೋಸ್ ಸಾಕು, ಲೆಕ್ಕದ ಭಾಗ ಬೇರೆ ಫೈಲ್‌ಗೆ ಹಾಕುತ್ತಿದ್ದೇನೆ. ಕೊನೆಯದಾಗಿ ಒಂದು: ತಿಂಗಳ ಪಟ್ಟಿಯನ್ನು ಸಿಎಸ್‌ವಿ ಆಗಿ ಹೊರಗೆ ತೆಗೆದರೆ, ಎಕ್ಸೆಲ್‌ನಲ್ಲಿ ಕನ್ನಡದ ಜಾಗದಲ್ಲಿ ಏನೇನೋ ಗುರುತುಗಳು ಬರುತ್ತವೆ.

ಕುಶಾಲನಗರದಿಂದ

ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಜಾಗದಲ್ಲಿ 'ಯುಟಿಎಫ್-8-ಸಿಗ್' ಅಂತ ಕೊಡಿ. ಫೈಲ್‌ನ ಮೊದಲಿಗೆ ಒಂದು ಸಣ್ಣ ಗುರುತು ಸೇರುತ್ತದೆ, ಅದನ್ನು ನೋಡಿ ಎಕ್ಸೆಲ್ ಕನ್ನಡವನ್ನು ಸರಿಯಾಗಿ ಓದುತ್ತದೆ. ಮತ್ತೆ, ಡೇಟಾಬೇಸ್ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡುವುದಾದರೆ ಪ್ರೋಗ್ರಾಂ ಮುಚ್ಚಿದ ಮೇಲೆ ಮಾಡಿ. ತೆರೆದಿರುವಾಗ ಕಾಪಿ ಮಾಡಿದರೆ ಅರ್ಧ ಬರೆದ ಸ್ಥಿತಿಯ ಫೈಲ್ ಸಿಗಬಹುದು.