ಸಹಾಯ ಬೇಕು: ನನ್ನ ತಮ್ಮ ಪಟ್ಟಾಯದ ಜೆಟ್ ಸ್ಕೀ ರೇಸ್‌ಗೆ ಹೊರಟಿದ್ದಾನೆ

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು. ಥಾಯ್ಲೆಂಡ್‌ನ ಪಟ್ಟಾಯ ಹತ್ತಿರ ಜೋಮ್ಟಿಯನ್ ಬೀಚ್‌ನಲ್ಲಿ ಡಿಸೆಂಬರ್‌ನಲ್ಲಿ ನಡೆಯುವ ಜೆಟ್ ಸ್ಕೀ ರೇಸ್‌ಗೆ ಹೋಗಲೇಬೇಕು ಅಂತ ನನ್ನ ತಮ್ಮ ಹಟ ಹಿಡಿದಿದ್ದಾನೆ. ನಾಲೆಯಲ್ಲಿ ಈಜು ಕಲಿತವನು, ಈಗ ಮಲ್ಪೆಯಲ್ಲಿ ಟೂರಿಸ್ಟ್‌ಗಳನ್ನು ಕೂರಿಸಿಕೊಂಡು ಜೆಟ್ ಸ್ಕೀ ಓಡಿಸುತ್ತಾನೆ. ಅಮ್ಮನಿಗೆ ಅದು ಇನ್ನೂ 'ನೀರಿನ ಬೈಕು'.

ದೊಡ್ಡ ತಲೆನೋವು ಗಾಡಿಯದು. ಕೂತು ಓಡಿಸುವ ದೊಡ್ಡ ಗಾಡಿ 300 ಕೆಜಿಗೂ ಜಾಸ್ತಿ ತೂಗುತ್ತದೆ, ಇಲ್ಲಿಂದ ಹಡಗಲ್ಲಿ ಕಳಿಸಿ, ಕಸ್ಟಮ್ಸ್ ದಾಟಿಸಿ, ಮತ್ತೆ ವಾಪಸ್ ತರಿಸುವಷ್ಟರಲ್ಲಿ ನಮ್ಮ ಕಬ್ಬಿನ ದುಡ್ಡೆಲ್ಲ ಮುಗಿಯುತ್ತದೆ, ಅದಕ್ಕೆ ಅಲ್ಲೇ ರೇಸ್ ಗಾಡಿ ಬಾಡಿಗೆಗೆ ಕೊಡುವ ಟೀಮ್ ಯಾರಿಗಾದರೂ ಗೊತ್ತಾ? ಬೀಚಿನ ಬಾಡಿಗೆ ಗಾಡಿ ಬೇಡ.

ಇನ್ನೊಂದು ಇನ್ಶೂರೆನ್ಸ್. ಏಜೆಂಟ್ 'ಎಲ್ಲಾ ಕವರ್ ಆಗುತ್ತೆ ಬಿಡಿ ಅಕ್ಕಾ' ಅಂದ, ಪಾಲಿಸಿ ಓದಿದರೆ ರೇಸ್‌ನಲ್ಲಿ ಆದ ಗಾಯಕ್ಕೆ ದುಡ್ಡಿಲ್ಲ ಅಂತಿದೆ! ರೇಸ್‌ಗೂ ಸೇರಿಸಿ ಮಾಡಿಸಿದವರಿದ್ದರೆ ಹೇಳಿ.

ಬೆನ್ನಿಗೆ ಹಾಕುವ ಗಾರ್ಡ್, ಫುಲ್ ಫೇಸ್ ಹೆಲ್ಮೆಟ್ ಮೈಸೂರು ಕಡೆ ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸಾಕು. ಬೂಯ್ (ರೇಸ್ ದಾರಿ ತೋರಿಸಲು ನೀರಲ್ಲಿ ತೇಲಿಬಿಡುವ ಗುರುತು) ಸುತ್ತ ಗಾಡಿ ತಿರುಗಿಸೋದನ್ನು ಹೇಳಿಕೊಡುವವರೂ ಬೇಕು. ಹೆದರಿ ಎಕ್ಸಲರೇಟರ್ ಬಿಟ್ಟರೆ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಗಾಡಿ ಸುಮ್ನೆ ನೇರಕ್ಕೇ ಹೋಗುತ್ತದೆ, ಅದೇ ನನ್ನ ಭಯ.

ಗೊತ್ತಿರುವವರು ಇಲ್ಲೇ ಬರೆಯಿರಿ, ಅವನಿಗೆ ತೋರಿಸುತ್ತೇನೆ.