ಬಿಲ್ಲಿನಲ್ಲಿ ನಮೂದಿಸದ ಪದಾರ್ಥ

“ಇಡೀ ರೆಸ್ಟೋರೆಂಟಿನಲ್ಲಿ ನಮ್ಮ ಕಣ್ಣೆದುರಿಗೇ, ಬಿಸಿಬಿಸಿಯಾಗಿ ತಯಾರಾಗುವ ಪದಾರ್ಥ ಒಂದೇ ಒಂದು, ಅದು ಪಕ್ಕದ ಮೇಜಿನ ಮಗುವಿನ ಅಳು,” ಎಂದು ನಾಣಿ ಘೋಷಿಸಿದ. “ಉಳಿದುದೆಲ್ಲ ಎಲ್ಲಿಯೋ ಇರುವ ಕೇಂದ್ರೀಯ ಅಡುಗೆಮನೆಯಲ್ಲಿ ಅರ್ಧ ಬೆಂದು, ಮಂಜುಗಟ್ಟಿ, ಲಾರಿ ಹತ್ತಿ ಬಂದು ಇಲ್ಲಿ ಮೈ ಬೆಚ್ಚಗೆ ಮಾಡಿಕೊಳ್ಳುತ್ತದೆ, ಅಷ್ಟೆ. ಚೈನ್ ರೆಸ್ಟೋರೆಂಟಿನ ಯಾವ ಶಾಖೆಗೆ ಹೋದರೂ ರುಚಿ ಒಂದೇ. ಅಳು ಮಾತ್ರ ಪ್ರತಿ ಶಾಖೆಯಲ್ಲಿಯೂ ಬೇರೆ.”

“ಹಾಗಾದರೆ ಬಿಲ್ಲಿನಲ್ಲಿ ಅದಕ್ಕೂ ಒಂದು ಸಾಲು ಇರಬೇಕಾಗಿತ್ತಲ್ಲವೇ?” ಎಂದು ರಾಯರು ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡರು.

“ಇದೆ ರಾಯರೇ, ಸೇವಾ ಶುಲ್ಕವೆಂದರೆ ಮತ್ತೇನು? ಕೌಂಟರಿನಿಂದ ತಟ್ಟೆಯನ್ನು ನಾನೇ ಹೊತ್ತು ತಂದೆ, ಮೇಜನ್ನು ನಾನೇ ಒರೆಸಿಕೊಂಡೆ, ಉಳಿದದ್ದನ್ನು ನಾನೇ ಕಸದ ಡಬ್ಬಿಗೆ ಸುರಿದೆ. ಅಲ್ಲಿ ನನ್ನ ಸಲುವಾಗಿ ಬೆವರು ಸುರಿಸಿದ ಜೀವ ಯಾವುದಾದರೂ ಇದ್ದರೆ ಅದು ಆ ಮಗು.”

ವೆಂಕಟೇಶನಿಗೆ ಲೆಕ್ಕ ತಪ್ಪಿದರೆ ಸಹಿಸಲಾಗದು. “ಬೆಲೆಯ ವಿಷಯದಲ್ಲಿ ನೀನು ಅನ್ಯಾಯವಾಗಿ ಮಾತನಾಡುತ್ತಿದ್ದೀಯೆ,” ಎಂದ. “ಈ ವ್ಯಾಪಾರದ ಸಾಮಾನ್ಯ ಲೆಕ್ಕದಂತೆ, ತಿನಿಸಿಗೆ ನೀನು ಕೊಡುವ ಹಣದಲ್ಲಿ ದವಸಧಾನ್ಯ, ತರಕಾರಿಗಳಿಗೆ ಹೋಗುವುದು ಹೆಚ್ಚುಕಡಿಮೆ ಮೂರನೆಯ ಒಂದು ಭಾಗ. ಮಿಕ್ಕದ್ದು ಬಾಡಿಗೆ, ಸಂಬಳ, ವಿದ್ಯುತ್ತು, ಜಾಹೀರಾತು ಮತ್ತು ಆ ಹೆಸರಿನ ಫಲಕವನ್ನು ತೂಗುಹಾಕಿಕೊಂಡದ್ದಕ್ಕಾಗಿ ಮೂಲ ಕಂಪೆನಿಗೆ ಕಟ್ಟಬೇಕಾದ ರಾಯಲ್ಟಿ.”

“ಅಂದರೆ ನಾನು ಒಂದು ತುತ್ತು ಅನ್ನ ತಿಂದರೆ ಎರಡು ತುತ್ತು ಬಾಡಿಗೆ ತಿನ್ನುತ್ತಿದ್ದೇನೆ. ಮನೆಗೆ ಬಂದ ಮೇಲೆ ಮತ್ತೆ ಹಸಿವಾಗುವುದೇಕೆಂದು ಈಗ ತಿಳಿಯಿತು.”

“ಮೆನು ಓದುವಾಗ ಹಾಗೆ ಅನ್ನಿಸದಂತೆ ಅವರೂ ಎಚ್ಚರ ವಹಿಸುತ್ತಾರೆ. ಬೆಲೆಯ ಪಕ್ಕದಲ್ಲಿ ಹಣದ ಚಿಹ್ನೆಯನ್ನು ತೆಗೆದು ಬರಿಯ ಅಂಕಿಯನ್ನಷ್ಟೇ ಮುದ್ರಿಸಿದರೆ ಗಿರಾಕಿಗಳು ಹೆಚ್ಚು ಖರ್ಚು ಮಾಡುತ್ತಾರೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2009ರಲ್ಲಿಯೇ ಪ್ರಕಟಿಸಿದ್ದಾರೆ.”

“ಅಂಕಿಯನ್ನು ಮೇಜಿನ ಸಂಖ್ಯೆಯೆಂದು ಭಾವಿಸಿ ಉದಾರವಾಗಿ ಆರ್ಡರು ಮಾಡಿದ ಮಹನೀಯರು ಅವರಾಗಿರಬೇಕು,” ಎಂದ ನಾಣಿ.

ಇಷ್ಟು ಹೊತ್ತು ಸುಮ್ಮನಿದ್ದ ಪದ್ಮಕ್ಕ ಈಗ ಮಕ್ಕಳ ಪರವಾಗಿ ವಕಾಲತ್ತು ವಹಿಸಿದರು. “ಅಲ್ಲಪ್ಪಾ ನಾಣಿ, ಮಕ್ಕಳೇನು ಕರೆಯದೆ ಬಂದವರೇ? ಊಟದ ಪೆಟ್ಟಿಗೆಯೊಳಗೆ ಆಟದ ಸಾಮಾನು ಇಟ್ಟು ಕರೆದವರು ಯಾರು? ಮೆಕ್‌ಡೊನಾಲ್ಡ್ಸ್‌ನವರು ಅಮೆರಿಕದಲ್ಲಿ ಹ್ಯಾಪಿ ಮೀಲ್ ಆರಂಭಿಸಿದ್ದು 1979ರಲ್ಲಿ. ಅಲ್ಲಿಂದ ಮುಂದೆ, ಇವತ್ತು ಎಲ್ಲಿ ಉಣ್ಣಬೇಕೆಂಬ ನಿರ್ಧಾರ ದುಡಿಯುವವರ ಕೈಯಿಂದ ಜಾರಿ, ಇನ್ನೂ ಶೂ ದಾರ ಕಟ್ಟಿಕೊಳ್ಳಲು ಬಾರದವರ ಕೈಗೆ ಹೋಯಿತು. ಹಬ್ಬಕ್ಕೆ ಕರೆದು, ಬಂದವರು ಗದ್ದಲ ಮಾಡಿದರೆಂದು ದೂರುವುದು ಯಾವ ನ್ಯಾಯ?”

“ಕರೆದವರು ಅವರು ಪದ್ಮಕ್ಕ, ಕಿವಿ ನನ್ನದು.”

“ನಿನ್ನ ಕಿವಿಯನ್ನು ಹಾಳು ಮಾಡುತ್ತಿರುವುದು ಆ ಕಟ್ಟಡ,” ಎಂದು ವೆಂಕಟೇಶ ಮತ್ತೆ ಮಧ್ಯೆ ಬಂದ. “ನೆಲಕ್ಕೆ ಟೈಲ್ಸ್, ಗೋಡೆಗೆ ಗಾಜು, ಮೇಜಿನ ಮೇಲೆ ಬಟ್ಟೆಯಿಲ್ಲ, ಕಿಟಕಿಗೆ ಪರದೆಯಿಲ್ಲ, ಒರೆಸುವುದಕ್ಕೆ ಸುಲಭ, ಆದರೆ ಸದ್ದನ್ನು ಹೀರಿಕೊಳ್ಳುವ ವಸ್ತು ಒಂದೂ ಇಲ್ಲ. ಸದ್ದು ಹೆಚ್ಚಿದಂತೆ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆಂದು ಫ್ರಾನ್ಸಿನ ಎತಿಯೆನ್ ಲೊಂಬಾರ್ ಎಂಬ ವೈದ್ಯರು 1911ರಲ್ಲಿಯೇ ತೋರಿಸಿಕೊಟ್ಟರು. ಮಗು ಕಿರುಚುತ್ತದೆ, ಅದನ್ನು ಮೀರಿ ಅಪ್ಪ ಗದರುತ್ತಾನೆ, ಅಪ್ಪನನ್ನು ಮೀರಿ ನೀನು ನಿನ್ನ ಅಭಿಪ್ರಾಯ ಹೇಳುತ್ತೀಯೆ.”

ಇದರ ಮೇಲೆ ಸಂಗೀತ ಬೇರೆ ಏಕೆ ಎಂಬುದು ರಾಯರ ಸಂದೇಹ. ಅದಕ್ಕೂ ವೆಂಕಟೇಶನ ಬಳಿ ಉತ್ತರವಿತ್ತು: 1986ರಲ್ಲಿ ರೊನಾಲ್ಡ್ ಮಿಲಿಮನ್ ಎಂಬ ಅಮೆರಿಕದ ಸಂಶೋಧಕರು ಒಂದು ರೆಸ್ಟೋರೆಂಟಿನಲ್ಲಿ ಪರೀಕ್ಷಿಸಿ ನೋಡಿದಾಗ, ನಿಧಾನಗತಿಯ ಸಂಗೀತವಿದ್ದ ದಿನಗಳಲ್ಲಿ ಗಿರಾಕಿಗಳು ಸರಾಸರಿ 56 ನಿಮಿಷ ಕುಳಿತರೆ, ವೇಗದ ಸಂಗೀತಕ್ಕೆ 45 ನಿಮಿಷದಲ್ಲಿಯೇ ಎದ್ದು ಹೋದರಂತೆ.

“ಆ ಸಂಗೀತಕ್ಕೂ ಜಗ್ಗದ ನನ್ನಂಥವರನ್ನು ಎಬ್ಬಿಸುವುದಕ್ಕೆ ಸಂಬಳವಿಲ್ಲದ ನೌಕರನಾಗಿ ಮಗುವನ್ನು ಕೂರಿಸಿರುತ್ತಾರೆ,” ಎಂದ ನಾಣಿ. “ಮೊನ್ನೆ ನನ್ನ ಎದುರಿಗಿದ್ದ ನೌಕರನಿಗೆ ಎರಡು ವರ್ಷವಿರಬಹುದು. ಚಮಚವನ್ನು ಕೆಳಗೆ ಬಿಡುವುದು, ಅಪ್ಪ ಮೇಜಿನಡಿಗೆ ಬಗ್ಗುವುದು, ಅಪ್ಪನ ತಲೆ ಮತ್ತೆ ಮೇಲೆ ಬಂದೊಡನೆ ಕಾಣೆಯಾದವನು ಸಿಕ್ಕಿದನೆಂಬಂತೆ ಕೇಕೆ ಹಾಕುವುದು. ಅಪ್ಪ ಚಮಚವನ್ನು ಒರೆಸಿ ಕೈಗೆ ಕೊಟ್ಟರೆ ಮತ್ತೆ ಅದೇ. ಆ ಮನುಷ್ಯನ ತಟ್ಟೆಯಲ್ಲಿದ್ದುದು ಪೂರ್ತಿ ಆರಿಹೋಯಿತು, ಆದರೂ ಅವನು ಪ್ರತಿ ಸಲವೂ ಮುಖದ ಮೇಲೆ ಒಂದು ಆಶ್ಚರ್ಯವನ್ನು ಹೊತ್ತುಕೊಂಡೇ ಏಳುತ್ತಿದ್ದ. ನಾನು ಬಿಲ್ಲು ನೋಡಿದಾಗ ನನ್ನ ಮುಖವೂ ಹಾಗೆಯೇ ಇತ್ತು. ಕೇಕೆ ಹಾಕುವವರು ಮಾತ್ರ ಯಾರೂ ಇರಲಿಲ್ಲ.”

“ಮಕ್ಕಳಿಲ್ಲದ ವಿಭಾಗವೊಂದನ್ನು ಬೇರೆಯಾಗಿಯೇ ಮಾಡಿಬಿಟ್ಟರೆ?” ಎಂದು ರಾಯರು ಸಂಧಾನಕ್ಕಿಳಿದರು.

“ಮಾಡಿದ ಮರುದಿನವೇ ಮೌನ ಮೆನುವಿನಲ್ಲಿ ಕಾಣಿಸಿಕೊಳ್ಳುತ್ತದೆ ರಾಯರೇ. ಸಣ್ಣ ಮೌನ, ಮಧ್ಯಮ ಮೌನ, ದೊಡ್ಡ ಮೌನ. ನೀವು ಸಣ್ಣದನ್ನು ಕೇಳಿದರೆ, ಇನ್ನು ಸ್ವಲ್ಪವೇ ಸೇರಿಸಿ ಕೊಟ್ಟರೆ ದೊಡ್ಡದೇ ಬರುತ್ತದೆ ಸಾರ್ ಎಂದು ಕೌಂಟರಿನ ಹುಡುಗ ಕಿವಿ ಕಿತ್ತುಹೋಗುವಂತೆ ಕೂಗಿ ಹೇಳುತ್ತಾನೆ.”

ಎಲ್ಲರೂ ನಕ್ಕರು, ರಾಯರು ತಡವಾಗಿ ನಕ್ಕರು. “ನನ್ನ ಮಗ ಚಿಕ್ಕವನಾಗಿದ್ದಾಗ ಹೊರಗಡೆ ಊಟವೆಂದರೆ ವರ್ಷಕ್ಕೊಮ್ಮೆ. ಬಾಗಿಲಲ್ಲಿಯೇ ನಿಲ್ಲಿಸಿ, ಒಳಗೆ ತುಟಿ ಪಿಟಕ್ಕೆನ್ನಕೂಡದು ಎಂದು ಗದರಿಸಿಯೇ ಕರೆದುಕೊಂಡು ಹೋಗುತ್ತಿದ್ದೆ. ಈಚೆಗೆ ಊರಿಗೆ ಬಂದಿದ್ದಾಗ ದೊಡ್ಡ ಜಾಗಕ್ಕೇ ಕರೆದೊಯ್ದ, ಬೆಲೆ ನೋಡಲೂ ಬಿಡಲಿಲ್ಲ. ಕೈಯಲ್ಲಿ ಫೋನು ಹಿಡಿದು ಕುಳಿತವನು, ಊಟ ಮುಗಿಯುವವರೆಗೂ ತುಟಿ ಪಿಟಕ್ಕೆನ್ನಲಿಲ್ಲ.”

ಇದಕ್ಕೆ ನಾಣಿಯ ಬಳಿಯೂ ಮಾತಿರಲಿಲ್ಲ. ಕೊನೆಗೆ ಪದ್ಮಕ್ಕನೇ, “ಭಾನುವಾರ ನನ್ನ ಮೊಮ್ಮಗನನ್ನು ಊಟಕ್ಕೆ ಕರೆದುಕೊಂಡು ಹೋಗಬೇಕಾಗಿದೆ, ನೀವೂ ಬನ್ನಿ ರಾಯರೇ. ಅವನೂ ಚಮಚ ಬೀಳಿಸುವುದರಲ್ಲಿ ನಿಸ್ಸೀಮ, ಎತ್ತಿಕೊಡೋಣವೆಂದರೆ ನನ್ನ ಮಂಡಿ ಬಗ್ಗುವುದಿಲ್ಲ,” ಎಂದರು.

“ನನ್ನದೂ ಬಗ್ಗುವುದಿಲ್ಲವಲ್ಲ ತಾಯಿ,” ಎಂದ ರಾಯರು ನಾಣಿಯ ಕಡೆಗೆ ನೋಡಿದರು. ಪದ್ಮಕ್ಕನೂ ನೋಡಿದರು.

“ಆಗಲಿ, ಬಗ್ಗುವ ಕೆಲಸ ನನಗಿರಲಿ,” ಎಂದ ನಾಣಿ. “ಬಿಲ್ಲನ್ನು ಮಾತ್ರ ವೆಂಕಟೇಶ ಕೊಡತಕ್ಕದ್ದು. ಅನ್ನಕ್ಕೆಷ್ಟು, ಬಾಡಿಗೆಗೆಷ್ಟು ಎಂದು ಸಮಾಧಾನದಿಂದ ವಿಂಗಡಿಸಿಕೊಂಡು ಕೊಡಬಲ್ಲವನು ನಮ್ಮಲ್ಲಿ ಅವನೊಬ್ಬನೇ.”