ಪ್ರಶ್ನೋತ್ತರ: ಒಂದೇ ಪ್ರೋಟೀನ್, ಎರಡು ಜೀನ್. ಯೀಸ್ಟಿನಲ್ಲಿ ಒಂದರ ಎಂಆರ್‌ಎನ್‌ಎ (ಪ್ರೋಟೀನ್ ಕಟ್ಟಲು ಓದುವ ಜೀನ್‌ನ ನಕಲು) ಮಾತ್ರ ಯಾಕೆ ಕಡಿಮೆ?

(ಬೆಳಗಾವಿ–ಬಾಗಲಕೋಟೆ–ವಿಜಯಪುರ ಜೀವವಿಜ್ಞಾನ ಗುಂಪು. ಉತ್ತರಿಸುವವರು: ಬೆಳಗಾವಿಯ ಯೀಸ್ಟ್ ಸಂಶೋಧಕಿ.)

ವಿದ್ಯಾರ್ಥಿನಿ, ವಿಜಯಪುರ: ನಮಸ್ಕಾರ ಮೇಡಂ. ನನ್ನ ಹತ್ತಿರ ಎರಡು ಜೀನ್ ಇವೆ. ಎರಡರಿಂದಲೂ ಒಂದೇ ಪ್ರೋಟೀನ್, ಕೋಡಾನ್ (ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರ) ಮಾತ್ರ ಬೇರೆ. ಎರಡಕ್ಕೂ ಗ್ಯಾಲ್1 ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ಸ್ವಿಚ್). ಎರಡನೆಯದರ ಎಂಆರ್‌ಎನ್‌ಎ ತುಂಬಾ ಕಡಿಮೆ. "ಟ್ರಾನ್ಸ್‌ಕ್ರಿಪ್ಷನ್ (ಜೀನ್‌ನಿಂದ ಎಂಆರ್‌ಎನ್‌ಎ ಮಾಡುವ) ದೋಷ ಅಂತ ಥೀಸಿಸ್‌ನಲ್ಲಿ ಬರಿ" ಅಂತಾರೆ ಗೈಡ್. ಬರೆಯಲಾ?

ಮೇಡಂ: ಬರೆಯಬೇಡ. ಕಡಿಮೆ ಹುಟ್ಟಿದೆಯೋ, ಬೇಗ ಸತ್ತಿದೆಯೋ ನೀನಿನ್ನೂ ನೋಡಿಲ್ಲ. ಎರಡನೆಯದನ್ನು ಯಾವ ಕೋಡಾನ್ ಪಟ್ಟಿ ನೋಡಿ ಮಾಡಿಸಿದ್ದು?

ವಿದ್ಯಾರ್ಥಿನಿ: ಇ. ಕೋಲೈ ಬ್ಯಾಕ್ಟೀರಿಯಾ ಹೆಚ್ಚು ಬಳಸುವ ಕೋಡಾನ್‌ಗಳ ಪಟ್ಟಿ. ಲ್ಯಾಬ್‌ನಲ್ಲಿ ಅದೇ ಇತ್ತು.

ಸದಸ್ಯ, ಗೋಕಾಕ: ಬೇಕರಿ ಯೀಸ್ಟನ್ನು ಮಜ್ಜಿಗೆಯಲ್ಲಿ ಕಲಸಿ ಖಾಲಿ ಹೊಟ್ಟೆಗೆ ಕುಡಿದರೆ ಶುಗರ್ ಇಳಿಯುತ್ತೆ ಅಂತ ಫಾರ್ವರ್ಡ್ ಬಂದಿದೆ. ನಿಜವೇ?

ಮೇಡಂ: ಇಲ್ಲ. ಕುಡಿಯಬೇಡಿ. ಶುಗರ್ ಮಾತ್ರೆಯನ್ನಂತೂ ಬಿಡಲೇಬೇಡಿ.

ವಿಜಯಪುರದ ಹುಡುಗಿಗೆ: ಗಂಟು ಆ ಪಟ್ಟಿಯಲ್ಲೇ ಇರಬೇಕು. ಲ್ಯೂಸಿನ್ ಅನ್ನೋ ಅಮೈನೋ ಆಮ್ಲಕ್ಕೆ ಆರು ಕೋಡಾನ್ ಇವೆ. ಇ. ಕೋಲೈ ಜಾಸ್ತಿ ಬಳಸೋದು ಸಿಟಿಜಿ, ಯೀಸ್ಟ್ ಬಳಸೋದು ಟಿಟಿಜಿ. ತನಗೆ ಒಗ್ಗದ ಕೋಡಾನ್ ಬಂದಾಗ ಯೀಸ್ಟಿನ ರೈಬೋಸೋಮ್ (ಪ್ರೋಟೀನ್ ಕಟ್ಟುವ ಯಂತ್ರ) ಅಮೈನೋ ಆಮ್ಲ ಹೊತ್ತು ತರುವ ಸರಿಯಾದ ಟಿಆರ್‌ಎನ್‌ಎಗಾಗಿ ಕಾಯುತ್ತದೆ. ಫ್ಯಾಕ್ಟರಿ ಗೇಟಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ನಿಂತಷ್ಟೂ ಕಬ್ಬು ಒಣಗುತ್ತದೆ ಅಲ್ವಾ? ಆದರೆ ಇಲ್ಲಿ ಸುಮ್ನೆ ಒಣಗೋದಲ್ಲ, ನಿಂತದ್ದನ್ನು ಗುರುತಿಸಿ ಕಡಿಯುವವರೇ ಇದ್ದಾರೆ. ಕಾಯುತ್ತಿರುವ ರೈಬೋಸೋಮಿನಲ್ಲಿ ಟಿಆರ್‌ಎನ್‌ಎ ಒಳಬರುವ ಎ ಜಾಗ, ಹೊರಹೋಗುವ ಇ ಜಾಗ ಎರಡೂ ಖಾಲಿ ಇರುತ್ತವೆ. ಆ ಇ ಜಾಗಕ್ಕೆ ನಾಟ್5 ಅನ್ನೋ ಪ್ರೋಟೀನ್ ಬಂದು ಕೂರುತ್ತದೆ. ಇದು ಗೊತ್ತಾದದ್ದು 2020ರಲ್ಲಿ. ನಾಟ್5 ಸೇರಿರುವ ಸಿಸಿಆರ್4-ನಾಟ್ ಪ್ರೋಟೀನ್ ಗುಂಪು ಎಂಆರ್‌ಎನ್‌ಎಯ ಹಿಂದಿನ ತುದಿಯ ಪಾಲಿ-ಎ ಬಾಲವನ್ನು ಸವೆಸುತ್ತದೆ. ಡಿಸಿಪಿ2 ಮುಂದಿನ ತುದಿಯ ಟೋಪಿ ತೆಗೆಯುತ್ತದೆ. ಎಕ್ಸ್‌ಆರ್‌ಎನ್1 ಮುಂದಿನಿಂದ ತಿಂದು ಮುಗಿಸುತ್ತದೆ.

ಕೋಡಾನ್‌ಗೂ ಎಂಆರ್‌ಎನ್‌ಎ ಆಯಸ್ಸಿಗೂ ಇರುವ ಈ ನಂಟನ್ನು ಯೀಸ್ಟಿನ ಸಾವಿರಾರು ಜೀನ್‌ಗಳಲ್ಲಿ ತೋರಿಸಿದ್ದು ಕ್ಲೀವ್‌ಲ್ಯಾಂಡಿನ ಜೆಫ್ ಕೊಲ್ಲರ್ ಅವರ ಲ್ಯಾಬ್, 2015ರಲ್ಲಿ.

ಈಗ ನೀನು ಮಾಡಬೇಕಾದ್ದು. ಗ್ಯಾಲಕ್ಟೋಸ್‌ನಲ್ಲಿ ಬೆಳೆಸಿ ಗ್ಲೂಕೋಸ್ ಹಾಕು, ಗ್ಯಾಲ್1 ನಿಲ್ಲುತ್ತದೆ. 0, 2, 5, 10, 20, 40 ನಿಮಿಷಕ್ಕೆ ಸ್ಯಾಂಪಲ್ ತೆಗೆ. ಹೋಲಿಕೆಗೆ ಬೇಗ ಸಾಯದ ಎಸ್‌ಸಿಆರ್1 ಆರ್‌ಎನ್‌ಎ ಇಟ್ಟುಕೋ. ಎರಡೂ ಒಂದೇ ವೇಗದಲ್ಲಿ ಇಳಿದರೆ ಗೈಡ್ ಮಾತು ಸರಿ ಇರಬಹುದು. ಎರಡನೆಯದು ಬೇಗ ಇಳಿದರೆ ಅದು ಸಾಯುತ್ತಿದೆ. ಆಮೇಲೆ ಡಿಎಚ್‌ಎಚ್1 (ರೈಬೋಸೋಮ್ ನಿಧಾನವಾದ ಎಂಆರ್‌ಎನ್‌ಎಯನ್ನು ಸಾಯಿಸಲು ನೆರವಾಗುವ ಪ್ರೋಟೀನ್) ಇಲ್ಲದ ಯೀಸ್ಟಿನಲ್ಲಿ ಇದನ್ನೇ ಮಾಡು. ಅಲ್ಲಿ ಆಯಸ್ಸು ಹೆಚ್ಚಿದರೆ ಕೋಡಾನ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಹೊಸ ಜೀನ್‌ಗೆ ದುಡ್ಡು ಸುರಿಯಬೇಡ.

ಪಿಯು ಶಿಕ್ಷಕ, ಬೆಳಗಾವಿ: ಅಮೈನೋ ಆಮ್ಲ ಬದಲಾಗದಿದ್ದರೆ ಏನೂ ಆಗೋದಿಲ್ಲ ಅಂತ ನಾವು ಕಲಿಸ್ತೀವಲ್ಲ?

ಮೇಡಂ: ಪ್ರೋಟೀನಿನ ಅಕ್ಷರ ಬದಲಾಗೋದಿಲ್ಲ. ಎಂಆರ್‌ಎನ್‌ಎ ಆಯಸ್ಸು ಬದಲಾಗಬಹುದು. ಮಕ್ಕಳಿಗೆ ಎರಡನ್ನೂ ಹೇಳಿ.

ಸದಸ್ಯೆ, ಬಾಗಲಕೋಟೆ: ಇಡ್ಲಿ ಹಿಟ್ಟು ಉಬ್ಬೋದು ಯೀಸ್ಟ್‌ನಿಂದಲೇ ಅಲ್ವಾ?

ಮೇಡಂ: ಮುಖ್ಯವಾಗಿ ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾದಿಂದ. ಹೋದ ವಾರವೂ ಹೇಳಿದ್ದೆ.

ಡಿಸ್ಟಿಲರಿ ನೌಕರ, ಮುಧೋಳ: ನಮ್ಮ ಮೊಲಾಸಿಸ್ ಟ್ಯಾಂಕಿನ ಯೀಸ್ಟ್ ಬೇಗ ಸುಸ್ತಾಗುತ್ತೆ. ಕೋಡಾನ್ ಬದಲಿಸಿದರೆ ಸರಿಹೋಗುತ್ತಾ?

ರೈತ, ಜಮಖಂಡಿ: ಮೊದಲು ನಿಮ್ಮಂಥ ಫ್ಯಾಕ್ಟರಿಗಳ ಕಂದು ನೀರು ನಿಲ್ಲಿಸ್ರಿ. ನಮ್ಮ ಬಾವಿ ನಾರುತ್ತಿದೆ.

ಡಿಸ್ಟಿಲರಿ ನೌಕರ: ನಮ್ಮಲ್ಲಿ ಶುದ್ಧೀಕರಣ ಘಟಕ ಇದೆ. ಗೊತ್ತಿಲ್ಲದೆ ಮಾತಾಡಬೇಡಿ.

ರೈತ: ರಾತ್ರಿ ಬಂದು ನೋಡ್ರಿ, ಆಮೇಲೆ ಮಾತಾಡ್ರಿ.

ಸದಸ್ಯ, ಗೋಕಾಕ: ಮೇಡಂ, ಯೀಸ್ಟ್ ಬೇಡ ಅಂದ್ರಿ. ಕುದಿಸಿ ಕುಡಿದರೆ?

ಮೇಡಂ: ಕುದಿಸಿದರೂ ಅದು ಶುಗರ್ ಮದ್ದಲ್ಲ. ಆ ಫಾರ್ವರ್ಡ್ ಅಳಿಸಿ. ಅದನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಜೀವಕ್ಕೇ ಅಪಾಯ. ಬಾವಿಯ ಜಗಳ ಇಲ್ಲಿ ಸಾಕು, ನೀರನ್ನು ಪರೀಕ್ಷೆ ಮಾಡಿಸಿ.

ಶಿಕ್ಷಕ: ಬಾವಿ ವಿಷಯ ಜಗಳ ಅಲ್ಲ ಮೇಡಂ. ಜನ ಕುಡಿಯೋ ನೀರು ಅದು.

ರೈತ: ಹೇಳ್ರಿ ಸರ್!

ವಿದ್ಯಾರ್ಥಿನಿ: ಮೇಡಂ, ಸ್ಯಾಂಪಲ್‌ಗಳನ್ನೆಲ್ಲ ಐಸ್‌ನಲ್ಲಿಟ್ಟು ಕೊನೆಗೆ ಒಟ್ಟಿಗೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಬಹುದಾ?

ಮೇಡಂ: ಬೇಡ. ನೀನು ಕಾಯುವಾಗಲೂ ಎಂಆರ್‌ಎನ್‌ಎ ಸಾಯುತ್ತಿರುತ್ತದೆ. ಒಂದೊಂದನ್ನೂ ತೆಗೆದ ಕೂಡಲೇ ತಿರುಗಿಸು, ನೀರು ಚೆಲ್ಲು, ದ್ರವ ಸಾರಜನಕಕ್ಕೆ ಹಾಕು. 2 ನಿಮಿಷದ ಸ್ಯಾಂಪಲ್‌ಗೆ ಜೊತೆಗೊಬ್ಬರು ಬೇಕು.